ಟಾವಿ ಸ್ಕ್ಯಾನ್ ವರದಿ ಇನ್ನು ಮೂರನೇ ದಿನಕ್ಕೆ

ಮಾನ್ಯ ಗ್ರಾಹಕರಿಗೆ, ಅವರ ಮನೆಯವರಿಗೆ ನಮಸ್ಕಾರ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬಾಯಲ್ಲಿರುವ ಕವಾಟ ಕೆಟ್ಟಾಗ ಅಲ್ಲಿ ಹೊಸದನ್ನು ಕೂರಿಸುವ ಚಿಕಿತ್ಸೆಯೇ ಟಾವಿ. ಅದಕ್ಕೆ ಮುಂಚೆ ಮಾಡಿಸುವ ಸಿಟಿ ಸ್ಕ್ಯಾನ್‌ನ ವರದಿಯನ್ನು ಇಲ್ಲಿಯವರೆಗೆ ಅದೇ ಸಂಜೆ ಕೊಡುತ್ತಿದ್ದೆವು. ಬರುವ ತಿಂಗಳಿಂದ ಮೂರನೇ ದಿನ ಕೊಡುತ್ತೇವೆ. ಪಾವಗಡ, ಶಿರಾದಿಂದ ಬಸ್ಸಿನಲ್ಲಿ ಬರುವವರು ಅದಕ್ಕಾಗಿ ಮತ್ತೆ ತುಮಕೂರಿಗೆ ಬರಬೇಕಿಲ್ಲ. ಬೆಂಗಳೂರಿನ ನಿಮ್ಮ ಡಾಕ್ಟರಿಗೆ ಚಿತ್ರ, ವರದಿ ಎರಡನ್ನೂ ನಾವೇ ಕಳಿಸುತ್ತೇವೆ.

ಕಾರಣ ಇದು. ಟಾವಿಯಲ್ಲಿ ಎದೆ ಕೊಯ್ಯುವುದಿಲ್ಲ. ಸಾಮಾನ್ಯವಾಗಿ ತೊಡೆಯ ರಕ್ತನಾಳದಿಂದ ಹೊಸ ಕವಾಟವನ್ನು ಒಯ್ದು ಹಳೆಯದರೊಳಗೇ ಅರಳಿಸುತ್ತಾರೆ. ಹಳೆಯದನ್ನು ಕಿತ್ತು ತೆಗೆಯುವುದಿಲ್ಲ, ಅದರ ಎಸಳುಗಳು ಬದಿಗೆ ಒತ್ತಿಕೊಂಡು ನಿಲ್ಲುತ್ತವೆ. ಹೃದಯಕ್ಕೇ ರಕ್ತ ಕೊಡುವ ಎರಡು ಕರೋನರಿ ನಾಳಗಳ ಬಾಯಿ ಅಲ್ಲೇ ತುಸು ಮೇಲಿವೆ. ಹಳೇ ಮನೆಯ ಕದವನ್ನು ಪೂರ್ತಿ ತೆಗೆದು ಗೋಡೆಗೆ ಒತ್ತಿದರೆ ಹಿಂದಿನ ದೀಪದ ಗೂಡು ಮುಚ್ಚಿಹೋಗುತ್ತದಲ್ಲ, ಹಾಗೆ ಆ ಬಾಯಿ ಮುಚ್ಚಬಹುದು. ನೂರರಲ್ಲಿ ಒಬ್ಬರಿಗೂ ಆಗುವುದು ಅಪರೂಪ. ಹಿಂದೆ ಆಪರೇಷನ್‌ನಲ್ಲಿ ಜೈವಿಕ ಕವಾಟ (ಪ್ರಾಣಿಯ ಅಂಗಾಂಶದಿಂದ ಮಾಡಿದ್ದು) ಹಾಕಿಸಿಕೊಂಡವರಲ್ಲಿ ಭಯ ಜಾಸ್ತಿ. ಆಯಿತೆಂದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೇ ಅಪಾಯ ಬರುತ್ತದೆ.

ತಡೆಯುವ ದಾರಿ ಶುರುವಾಗುವುದು ಅಳತೆಯಿಂದ. ಕವಾಟದ ಬುಡದಿಂದ ಆ ಬಾಯಿಯ ಎತ್ತರ 12 ಮಿಮೀಗಿಂತ ಕಡಿಮೆಯಿದ್ದರೆ, ಮಹಾಪಧಮನಿಯ ಬುಡದ ಅಗಲ 30 ಮಿಮೀಗಿಂತ ಕಡಿಮೆಯಿದ್ದರೆ ಎಚ್ಚರ ಬೇಕು. ಹೆಂಗಸರಲ್ಲೇ ಇದು ಹೆಚ್ಚು. ಮೊದಲೇ ಗೊತ್ತಿದ್ದರೆ ಡಾಕ್ಟರು ಕರೋನರಿಯೊಳಗೆ ತಂತಿ ಇಳಿಸಿ ಸ್ಟೆಂಟ್ ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಬೆಸಿಲಿಕಾ ಎಂಬ ವಿಧಾನವೂ ಇದೆ: ವಿದ್ಯುತ್ ಹರಿಸಿದ ತೆಳು ತಂತಿಯಿಂದ ಹಳೆಯ ಎಸಳನ್ನು ಉದ್ದಕ್ಕೆ ಸೀಳಿ ರಕ್ತಕ್ಕೆ ದಾರಿ ಬಿಡುತ್ತಾರೆ. ಕೆಲವರಿಗೆ ಎದೆ ತೆರೆದು ಮಾಡುವ ಆಪರೇಷನ್ನೇ ಒಳ್ಳೆಯದೆಂದು ತೀರ್ಮಾನಿಸುತ್ತಾರೆ.

ಕೆಲವು ತಿಂಗಳ ಹಿಂದೆ ಮಧುಗಿರಿ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ವರದಿ ಕೊಟ್ಟೆವು. ಬಲಗಡೆಯ ಕರೋನರಿ ಬಾಯಿಯ ಎತ್ತರ ಬರೆದಿದ್ದೆವು, ಎಡಗಡೆಯದು ಬಿಟ್ಟುಹೋಗಿತ್ತು. ಬೆಂಗಳೂರಿನಿಂದ ಫೋನ್ ಬಂದ ಮೇಲೆ ಚಿತ್ರ ತೆರೆದು ಅಳೆದರೆ 9 ಮಿಮೀ, ಒಂದು ಕಡಲೆಕಾಳಿನಷ್ಟು. ಅಜ್ಜಿಗೆ ಏನೂ ಆಗಲಿಲ್ಲ. ಆ ಫೋನ್ ಬಾರದೇ ಹೋಗಿದ್ದರೆ ಎಂಬುದು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ತಪ್ಪು ನಮ್ಮದೇ.

ಆದ್ದರಿಂದ ಇನ್ನು ಇಬ್ಬರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಎರಡೂ ತಾಳೆಯಾಗದೆ ವರದಿಗೆ ಸಹಿ ಬೀಳುವುದಿಲ್ಲ. ದರ ಹೆಚ್ಚಿಸಿಲ್ಲ. ಬರುವಾಗ ಕ್ರಿಯಾಟಿನಿನ್ ರಿಪೋರ್ಟ್ ತನ್ನಿ, ರಕ್ತನಾಳ ಚೆನ್ನಾಗಿ ಕಾಣಲು ಸ್ಕ್ಯಾನ್‌ನಲ್ಲಿ ಡೈ ಕೊಡುವ ಮುಂಚೆ ಕಿಡ್ನಿ ನೋಡಿಕೊಳ್ಳಬೇಕು. ಹಿಂದೆ ಕವಾಟ ಹಾಕಿಸಿದ್ದರೆ ಅದರ ಹೆಸರು, ಸೈಜ್ ಇರುವ ಕಾರ್ಡ್ ಹುಡುಕಿ ತರುವುದನ್ನು ಮಾತ್ರ ಮರೆಯಬೇಡಿ.

ಇಂತಿ,
ಸ್ಕ್ಯಾನ್ ಸೆಂಟರ್ ಸಿಬ್ಬಂದಿ, ತುಮಕೂರು