ಮಗಳಿಗೊಂದು ಪತ್ರ: ಬೆಳಗ್ಗೆ ಏಳದ ಮಾನಿಟರ್

ಶಿವಮೊಗ್ಗ

ಪ್ರೀತಿಯ ಮಗಳೇ,

ಮಾನಿಟರ್ ಬಗ್ಗೆ ನೀನು ಉದ್ದಕ್ಕೆ ಬರೆದಿದ್ದೀಯ. ಅದರಲ್ಲಿ ರೋಗ ಹೇಳುವ ಮಾತು ಒಂದೇ. ಬೆಳಗ್ಗೆ ಸ್ವಿಚ್ ಹಾಕಿದರೆ ಪವರ್ ದೀಪ ಮಿಣಮಿಣ ಅನ್ನುತ್ತದೆ, ಪರದೆ ಬರುವುದಿಲ್ಲ. ಕಾಲು ಗಂಟೆ ಹಾಗೇ ಬಿಟ್ಟರೆ ತಾನಾಗಿ ಬರುತ್ತದೆ, ಆಮೇಲೆ ರಾತ್ರಿಯವರೆಗೂ ತಕರಾರಿಲ್ಲ. ತೀರ್ಥಹಳ್ಳಿಯ ಅಂಗಡಿಯವರು ನೋಡದೆಯೇ "ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ" ಅಂದರಂತೆ. ಪ್ಯಾನೆಲ್ ಅಂದರೆ ಚಿತ್ರ ಮೂಡುವ ಗಾಜು. ಅದು ಹೋದರೆ ಗೆರೆ ಬೀಳುತ್ತದೆ, ಕಲೆ ಬೀಳುತ್ತದೆ. ಬೆಳಗ್ಗೆ ಸತಾಯಿಸಿ ಮಧ್ಯಾಹ್ನ ಸರಿಹೋಗುವುದು ಒಳಗೆ ಕರೆಂಟು ಒದಗಿಸುವ ಪವರ್ ಬೋರ್ಡಿನ ಚಾಳಿ. ಹಣ ಕೊಡಬೇಡ, ಮೊದಲು ಇದನ್ನು ಓದು.

ಬಿಚ್ಚುವ ಮುಂಚೆ ಹೊರಗಿನಿಂದಲೇ ತಿಳಿಯುವುದು ಬಹಳ ಇದೆ. ಪರದೆ ಬಂದಿರುವ ಹೊತ್ತಿನಲ್ಲಿ ಮೆನು ಬಟನ್ ಒತ್ತು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಅಂತ ಮೂಡುವ ಆ ಚೌಕವನ್ನು ಬರೆಯುವುದು ಕಂಪ್ಯೂಟರಲ್ಲ, ಮಾನಿಟರಿನೊಳಗಿನ ಮೇನ್ ಬೋರ್ಡು. ಚಿತ್ರ ಕೆಟ್ಟಿದ್ದು ಮೆನು ಸ್ವಚ್ಛವಾಗಿದ್ದರೆ ತಪ್ಪು ಕೇಬಲಿನದೋ ಕಂಪ್ಯೂಟರಿನದೋ ಇರಬೇಕು. ಮೆನುವಿನ ಮೇಲೂ ಗೆರೆ ಹಾದುಹೋಗಿದ್ದರೆ ಮಾನಿಟರಿನದೇ. ಜೊತೆಗೊಂದು ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ತೆರೆದು ನೋಡು. ಅದರಲ್ಲೂ ಗೆರೆ ಕಂಡರೆ ಕಂಪ್ಯೂಟರನ್ನು ಹಿಡಿ. "ನೋ ಸಿಗ್ನಲ್" ಅಂತ ಬರೆದುಕೊಂಡು ತೇಲಾಡುವ ಪರದೆ ಕಂಡು ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ, ಪವರ್ ಬೋರ್ಡು, ಬ್ಯಾಕ್‌ಲೈಟು ಅನ್ನುವ ಹಿಂದಿನ ಬೆಳಕು, ಪ್ಯಾನೆಲ್ ಮೂರೂ ಜೀವಂತ ಇವೆ ಅಂತ ಅರ್ಥ. ಕೇಬಲ್ ಎಚ್‌ಡಿಎಂಐಗೆ ಹಾಕಿ ಮೆನುವಿನಲ್ಲಿ ಇನ್‌ಪುಟ್ ವಿಜಿಎ ಅಂತ ಉಳಿದಿರುವುದೇ ಎಷ್ಟೋ ಸಲ ಕಾರಣ.

ಪರದೆ ಪೂರ್ತಿ ಕಪ್ಪಾಗಿದ್ದು ದೀಪ ಮಾತ್ರ ಸರಿಯಾಗಿ ಉರಿಯುತ್ತಿದ್ದರೆ ಟಾರ್ಚ್ ಬೇಕು. ಕೋಣೆ ಕತ್ತಲೆ ಮಾಡಿ, ಫೋನಿನ ಟಾರ್ಚನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡಿ. ಮಸುಕಾಗಿ ಕಿಟಕಿ, ಅಕ್ಷರ, ಮೌಸಿನ ಬಾಣ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಸತ್ತಿದೆ. ಎರಡು ಸೆಕೆಂಡ್ ಚಿತ್ರ ಬಂದು ಫಕ್ಕನೆ ಆರುವುದೂ ಇದೇ ಜಾತಿ. ಹಳೆಯ ಮಾನಿಟರಿನಲ್ಲಿ ಸಿಸಿಎಫ್ಎಲ್ ಅನ್ನುವ ಸಣ್ಣ ಟ್ಯೂಬು ಇರುತ್ತದೆ. ಒಂದು ಟ್ಯೂಬು ಕೆಟ್ಟರೂ ಅವಕ್ಕೆ ಕರೆಂಟು ಕೊಡುವ, ಮಾನಿಟರಿನೊಳಗಿನ ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು ಎಲ್ಲವನ್ನೂ ಆರಿಸುತ್ತದೆ. ಆರುವ ಮುಂಚೆ ಕೆಲವು ತಿಂಗಳು ಪರದೆ ಕೆಂಪು ಛಾಯೆಯಲ್ಲಿ ಶುರುವಾಗುತ್ತಿದ್ದರೆ ಟ್ಯೂಬಿನ ವಯಸ್ಸಾಯಿತು ಅಂತಲೇ ತಿಳಿ. ಎಲ್ಇಡಿ ಇರುವುದರಲ್ಲಿ ದೀಪಗಳು ಸಾಲಾಗಿ ಒಂದರ ಬಾಲಕ್ಕೊಂದು ಜೋಡಿಸಿರುತ್ತವೆ, ಒಂದು ಕಡಿದರೆ ಆ ಸಾಲೇ ಕತ್ತಲೆ.

ಬಣ್ಣ ಕೆಟ್ಟರೆ ಕೇಬಲ್ ನೋಡು. ನೀಲಿ ತಲೆಯ ವಿಜಿಎ ಕೇಬಲಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ಕೆಂಪು ತಪ್ಪಿದರೆ ಬಿಳಿ ಪುಟ ಹಸಿರು ಬೆರೆತ ತಿಳಿನೀಲಿಯಾಗುತ್ತದೆ, ಹಸಿರು ತಪ್ಪಿದರೆ ರಾಣಿ ಬಣ್ಣ, ನೀಲಿ ತಪ್ಪಿದರೆ ಹಳದಿ. ಕೇಬಲ್ ತಲೆ ಅಲುಗಿಸಿದಾಗ ಬಣ್ಣ ಬಂದು ಹೋದರೆ ಖಾತ್ರಿ. ಪಿನ್ ಬಗ್ಗಿದೆಯೇ ನೋಡು, ಆದರೆ ನಡು ಸಾಲಿನಲ್ಲಿ ಒಂದು ಪಿನ್ ಇಲ್ಲ ಅಂತ ಗಾಬರಿಯಾಗಬೇಡ: 9ನೇ ಪಿನ್ ಎಷ್ಟೋ ಕೇಬಲುಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ನಿಮ್ಮ ಕಡೆಯ ಥಂಡಿಗೆ ಕನೆಕ್ಟರಿನ ಮೇಲೆ ಹಸಿರು ಕಿಲುಬು ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಹಳೆ ಟೂತ್‌ಬ್ರಷ್ಷಿಗೆ ಹಾಕಿ ಉಜ್ಜಿ, ಪೂರ್ತಿ ಆರಿದ ಮೇಲೆ ಹಾಕು. ನೀರು ಬೇಡ, ಸೆಂಟು ಬೇಡ, ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯಂತೂ ಬೇಡವೇ ಬೇಡ.

ಮೇಲಿಂದ ಕೆಳಗೆ ಕೂದಲೆಳೆಯಂಥ ನೆಟ್ಟನೆ ಗೆರೆ ಒಂದೇ ಜಾಗದಲ್ಲಿ ನಿಂತಿದ್ದು, ಚೌಕಟ್ಟಿನ ಅಂಚನ್ನು ಮೆಲ್ಲಗೆ ಒತ್ತಿದಾಗ ಅದು ಹೋಗಿ ಬಂದು ಮಾಡಿದರೆ, ಗಾಜಿಗೆ ಅಂಟಿಸಿರುವ ತೆಳು ಪಟ್ಟಿಯ ಅಂಟು ಬಿಟ್ಟಿದೆ. ಅದನ್ನು ಮನೆಯಲ್ಲಿ ಕೂಡಿಸಲಾಗದು, ಅಂಗಡಿಯಲ್ಲಿ ಕೂಡಿಸಿದರೂ ಲೆಕ್ಕಕ್ಕೆ ಗಿಟ್ಟದು. ಹಾಗಾಗಿದ್ದರೆ ಮಾತ್ರ ಅಂಗಡಿಯವರ ಮಾತು ನಿಜ. ಇನ್ನು ಪರದೆಯಲ್ಲಿ ಹರಿದಾಡುವ ಕಪ್ಪು ಚುಕ್ಕೆ ಕಂಡರೆ ಅದು ಪಿಕ್ಸೆಲ್ ಅಲ್ಲ ಮಾರಾಯ್ತಿ, ದೀಪಕ್ಕೆ ಬಂದ ಹುಳ. ಬೆಳಕು ಹರಡುವ ಹಾಳೆಗಳ ನಡುವೆ ನುಸುಳಿರುತ್ತದೆ. ಬೆರಳಿಂದ ಒತ್ತಬೇಡ, ಅಲ್ಲೇ ಸತ್ತರೆ ಕಲೆ ಶಾಶ್ವತ. ಮಾನಿಟರ್ ಆರಿಸಿ, ಕೋಣೆ ಕತ್ತಲೆ ಮಾಡಿ, ಪಕ್ಕದಲ್ಲೊಂದು ಟೇಬಲ್ ಲ್ಯಾಂಪ್ ಹಚ್ಚಿಡು. ಬಂದ ದಾರಿಯಲ್ಲೇ ಹೊರಡುವ ಸಾಧ್ಯತೆ ಇದೆ.

ಈಗ ನಿನ್ನ ಮಾನಿಟರಿಗೆ ಬರೋಣ. ನನ್ನ ಅನುಮಾನ ಪವರ್ ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಮೇಲೆ. ಮಾಡುವ ಕೆಲಸ ನಿಮ್ಮ ಮನೆ ಹಿಂದಿನ ಅಬ್ಬಿ ನೀರಿನ ತೊಟ್ಟಿಯದ್ದೇ: ಮೇಲಿನಿಂದ ಬಿಟ್ಟು ಬಿಟ್ಟು ಬಂದದ್ದನ್ನು ತುಂಬಿಟ್ಟುಕೊಂಡು ಕೆಳಗೆ ಒಂದೇ ಸಮನೆ ಕೊಡುವುದು. ಪವರ್ ಬೋರ್ಡು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಕೊಡುತ್ತದೆ, ಅದನ್ನು ಸಮ ಮಾಡುವುದು ಇವು. ಒಳಗಿನ ದ್ರವ ವರ್ಷಗಟ್ಟಲೆ ಕಾವಿಗೆ ಒಣಗುತ್ತಾ ಬಂದಂತೆ ಒಳರೋಧ ಏರುತ್ತದೆ, ರಿಪೇರಿಯವರು ಇದನ್ನು ಇಎಸ್ಆರ್ ಅನ್ನುತ್ತಾರೆ. ಆಗ ಮೇನ್ ಬೋರ್ಡಿಗೆ ಹೋಗಬೇಕಾದ 5 ವೋಲ್ಟ್ 5 ಆಗಿ ನಿಲ್ಲದೆ ಕುಸಿದು ಏಳುತ್ತದೆ, ಮೇನ್ ಬೋರ್ಡಿನ ಚಿಪ್ಪು ಶುರುವಾಗಲು ಹೋಗಿ ಬಿದ್ದು ಮತ್ತೆ ಶುರುವಾಗುತ್ತದೆ. ನಿನಗೆ ಕಾಣುವ ಮಿಣಮಿಣ ಅದೇ. ಥಂಡಿಯಲ್ಲಿ ಈ ರೋಧ ಇನ್ನೂ ಜಾಸ್ತಿ. ಪುನರ್ವಸು ಮಳೆ ಹಿಡಿದ ಬೆಳಗ್ಗೆ ತೀರ್ಥಹಳ್ಳಿಯಲ್ಲಿ ಗೋಡೆಯೇ ಬೆವರುವಾಗ ಅದು ಏಳುವುದಾದರೂ ಹೇಗೆ? ಒಂದೊಂದು ಪ್ರಯತ್ನಕ್ಕೂ ಕೆಪಾಸಿಟರ್ ಚೂರು ಚೂರು ಬಿಸಿಯಾಗಿ, ರೋಧ ಇಳಿದು, ಕಡೆಗೊಮ್ಮೆ ನಿಲ್ಲುತ್ತದೆ. ಬೇಸಗೆಯಲ್ಲಿ ಇದೇ ಮಾನಿಟರ್ ಎರಡು ನಿಮಿಷಕ್ಕೆ ಏಳುತ್ತಿತ್ತು ಅಂತಾದರೆ ನನ್ನ ಅನುಮಾನಕ್ಕೆ ಇನ್ನೊಂದು ಸಾಕ್ಷಿ.

ಬಿಚ್ಚದೆಯೇ ಪರೀಕ್ಷಿಸಬಹುದು. ರಾತ್ರಿಯಿಡೀ ಆರಿಸಿಟ್ಟ ಮಾನಿಟರಿನ ಹಿಂಬದಿಯ ಗಾಳಿಕಿಂಡಿಗೆ, ಕರೆಂಟ್ ವಯರ್ ಸೇರುವ ಜಾಗದ ಸುತ್ತ, ಹೇರ್ ಡ್ರೈಯರನ್ನು ಕಡಿಮೆ ಕಾವಿನಲ್ಲಿ ಒಂದು ಗೇಣು ದೂರದಿಂದ ಎರಡು ಮೂರು ನಿಮಿಷ ಹಿಡಿ. ಪ್ಲಾಸ್ಟಿಕ್ ಕೈಗೆ ಬೆಚ್ಚಗೆ ತಾಗಿದರೆ ಸಾಕು. ಮುಂದಿನ ಪರದೆಗೆ ಬಿಸಿಗಾಳಿ ತೋರಿಸಬೇಡ. ಆಮೇಲೆ ಸ್ವಿಚ್ ಹಾಕಿದ ಕೂಡಲೇ ಚಿತ್ರ ಬಂದರೆ ಕೆಪಾಸಿಟರೇ. ಇದು ಪರೀಕ್ಷೆ ಅಷ್ಟೇ. ದಿನಾ ಹೀಗೆ ಎಬ್ಬಿಸುತ್ತಾ ಹೋದರೆ ಏರಿಳಿವ ವೋಲ್ಟೇಜು ಮೇನ್ ಬೋರ್ಡಿಗೂ ಏಟು ಕೊಡಬಹುದು. ಆರಿಸದೆ ಹಾಗೇ ಬಿಡುವುದೂ ಉಪಾಯವಲ್ಲ.

ಬಿಚ್ಚುವುದಾದರೆ ಕರೆಂಟಿನ ಪ್ಲಗ್ಗು, ಎಚ್‌ಡಿಎಂಐ ಎರಡನ್ನೂ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿ. ಕಂಬಳಿ ಮೇಲೆ ಪರದೆ ಕೆಳಗೆ ಮಾಡಿ ಮಲಗಿಸಿ ಸ್ಟ್ಯಾಂಡಿನ ಸ್ಕ್ರೂ ತೆಗೆ. ಕೆಲವು ಸ್ಕ್ರೂ ಸ್ಟ್ಯಾಂಡಿನ ಅಡಿಯಲ್ಲೇ ಅಡಗಿರುತ್ತವೆ. ಚೌಕಟ್ಟು ಕೊಕ್ಕೆಗಳ ಮೇಲೆ ನಿಂತಿರುತ್ತದೆ, ಹಳೆಯ ಎಟಿಎಂ ಕಾರ್ಡನ್ನು ಕೆಳ ಅಂಚಿನ ಸಂದಿಗೆ ತೂರಿಸಿ ಟಕ್ ಟಕ್ ಅಂತ ಒಂದೊಂದೇ ಬಿಡಿಸು. ಬಟನ್‌ಗಳಿಗೆ ಹೋಗುವ ತೆಳು ವಯರ್ ಇದೆ, ಎಳೆದು ಹರಿಯಬೇಡ.

ಒಳಗೆ ಹೆಬ್ಬೆರಳಿಗಿಂತ ದಪ್ಪದ, 400 ಅಥವಾ 450 ವೋಲ್ಟ್ ಅಂತ ಬರೆದ ಒಂದು ಕೆಪಾಸಿಟರ್ ಕಾಣುತ್ತದೆ. ಅದನ್ನು ಮುಟ್ಟಬೇಡ. ಗೋಡೆಯ 230 ವೋಲ್ಟ್ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮಲ್ಟಿಮೀಟರನ್ನು ಡಿಸಿ 600 ಅಥವಾ 1000ಕ್ಕೆ ಇಟ್ಟು ಅದರ ಎರಡು ಕಾಲುಗಳ ನಡುವೆ ಅಳೆ. ಹತ್ತು ವೋಲ್ಟಿಗಿಂತ ಮೇಲಿದ್ದರೆ 2.2 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ಮೂರು ನಾಲ್ಕು ಸೆಕೆಂಡ್ ಅಡ್ಡ ತಾಗಿಸಿ, ಮತ್ತೆ ಅಳೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟಾರ್ ಅನ್ನಿಸುವ ಶೂರರನ್ನು ಅನುಕರಿಸಬೇಡ.

ನೋಡಬೇಕಾದ್ದು, ಆ ದಪ್ಪ ಕೆಪಾಸಿಟರಿನಿಂದ ನೋಡಿದರೆ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಪುಟ್ಟ ಕೆಪಾಸಿಟರುಗಳನ್ನು. ಸಾಮಾನ್ಯವಾಗಿ 470 ಅಥವಾ 1000 ಮೈಕ್ರೋಫ್ಯಾರಡ್, 16 ಅಥವಾ 25 ವೋಲ್ಟಿನವು. ತಲೆ ಚಪ್ಪಟೆಯಾಗಿರಬೇಕು. ತಲೆಯ ಮೇಲಿನ ಗೀರು ಉಬ್ಬಿದ್ದರೆ, ಕಂದು ಬಣ್ಣದ ಹಕ್ಕಳೆ ಕಟ್ಟಿದ್ದರೆ, ಬುಡದ ರಬ್ಬರ್ ಹೊರಗೆ ತಳ್ಳಿ ಕೆಪಾಸಿಟರ್ ಓರೆಯಾಗಿ ನಿಂತಿದ್ದರೆ ಸಿಕ್ಕಿತು ಅಂತಲೇ. ಉಬ್ಬದೆಯೂ ಕೆಟ್ಟಿರುವುದುಂಟು. ಮಲ್ಟಿಮೀಟರಿನ ಕೆಪಾಸಿಟರ್ ಅಳತೆ ಇಂಥದ್ದನ್ನು "ಸರಿ ಇದೆ" ಅಂದುಬಿಡುತ್ತದೆ, ಯಾಕೆಂದರೆ ಅದು ಇಎಸ್ಆರ್ ನೋಡುವುದಿಲ್ಲ. ಹಾಗಾಗಿ ಆ ಬದಿಯವನ್ನೆಲ್ಲ ಒಟ್ಟಿಗೇ ಬದಲಾಯಿಸುವುದು ಜಾಣತನ, ಒಂದಕ್ಕೆ ಹತ್ತಿಪ್ಪತ್ತು ರೂಪಾಯಿಯ ಮಾತು.

ಬದಲಿಗೆ ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ. 16ರ ಜಾಗಕ್ಕೆ 25 ನಡೆಯುತ್ತದೆ, 10 ನಡೆಯದು. 105 ಡಿಗ್ರಿ, ಲೋ ಇಎಸ್ಆರ್ ಅಂತ ಕೇಳಿಯೇ ತರಬೇಕು. 85 ಡಿಗ್ರಿಯ ಸಾದಾ ಮಾಲು ಹಾಕಿದರೆ ಬೇಗನೇ ಇದೇ ಪಾಡು, ಏಕೆಂದರೆ ಕಾವು 10 ಡಿಗ್ರಿ ಏರಿದರೆ ಆಯುಸ್ಸು ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ. ಎತ್ತರ, ವ್ಯಾಸವನ್ನೂ ಅಳೆ. 25 ವೋಲ್ಟಿನದು ಗಿಡ್ಡ ಜಾಗದಲ್ಲಿ ನಿಲ್ಲದೆ ಹಿಂದಿನ ತಗಡಿಗೆ ತಾಗುವುದುಂಟು.

ಕೀಳುವ ಮುಂಚೆ ಫೋಟೋ ತೆಗೆ. ಕೆಪಾಸಿಟರಿನ ಮೈಮೇಲಿನ ಪಟ್ಟೆ ನೆಗೆಟಿವ್ ಕಾಲಿನದು. ಬೋರ್ಡಿನ ಮೇಲೆ ಬಣ್ಣ ತುಂಬಿಸಿದ ಅರ್ಧಚಂದ್ರವೂ ಬಹುತೇಕ ನೆಗೆಟಿವ್, ಆದರೆ ಉಲ್ಟಾ ಬರೆದ ಬೋರ್ಡುಗಳಿವೆ, ಅದಕ್ಕೇ ಫೋಟೋ. ತಿರುಗಾಮುರುಗಾ ಹಾಕಿದರೆ ಅದು ಸಿಡಿಯುತ್ತದೆ. ಈ ಬೋರ್ಡಿನ ತಾಮ್ರ ಬಿಸಿಗೆ ಬೇಗ ಏಳುತ್ತದೆ, ಎಳೆದರೆ ಸುಲಿದು ಬರುತ್ತದೆ. ಹಳೆಯ ಬೆಸುಗೆಗೆ ಮೊದಲು ಚೂರು ಹೊಸ ಬೆಸುಗೆ ಕರಗಿಸಿ, ಒಂದು ಕಾಲಿಗೆ ಕಾವು ಕೊಟ್ಟು ಕೆಪಾಸಿಟರನ್ನು ಆಚೆ ವಾಲಿಸು, ಇನ್ನೊಂದಕ್ಕೆ ಕೊಟ್ಟು ಈಚೆ ವಾಲಿಸು. ಹೀಗೆ ಅಲುಗಿಸುತ್ತಾ ಬಿಡಿಸು.

ಕೆಪಾಸಿಟರ್ ಹಾಕಿದ ಮೇಲೂ ಏಳದಿದ್ದರೆ ಪವರ್ ಬೋರ್ಡಿನಿಂದ ಮೇನ್ ಬೋರ್ಡಿಗೆ ಹೋಗುವ ಕನೆಕ್ಟರಿನಲ್ಲಿ ಅಳೆಯಬೇಕು. ಪಕ್ಕದಲ್ಲೇ 5 ವೋಲ್ಟ್, 12 ಅಥವಾ 16 ವೋಲ್ಟ್, ಆನ್, ಡಿಮ್, ಗ್ರೌಂಡ್ ಅಂತ ಅಚ್ಚಾಗಿರುತ್ತದೆ. 5 ಇದ್ದಲ್ಲಿ 4.9ರಿಂದ 5.2ರೊಳಗೆ ಅಲುಗದೆ ನಿಂತಿದ್ದರೆ ಸರಿ. ಆನ್ ಪಿನ್ನಿಗೆ ಮೂರು ವೋಲ್ಟಿನ ಆಸುಪಾಸು ಬಂದರೂ ಬೆಳಕಿಲ್ಲ ಅಂದರೆ ಬ್ಯಾಕ್‌ಲೈಟಿನ ಕಡೆ ತಪ್ಪು. ಆನ್ ಬರಲೇ ಇಲ್ಲ ಅಂದರೆ ಬೆಳಕು ಹಚ್ಚು ಅಂತ ಮೇನ್ ಬೋರ್ಡು ಹೇಳುತ್ತಿಲ್ಲ ಅಂತ. ಇದು ಪ್ಲಗ್ ಹಾಕಿಯೇ ಮಾಡುವ ಅಳತೆ. ನಾನಿಲ್ಲದೆ ಮಾಡಬೇಡ, ಹಬ್ಬಕ್ಕೆ ಬರುವಾಗ ಬಸ್ಸಿನಲ್ಲಿ ಮಾನಿಟರ್ ಹೊತ್ತು ತಾ.

ಬಿಚ್ಚಿದಾಗ ಹಲ್ಲಿ ಮೊಟ್ಟೆ ಸಿಕ್ಕಿದರೆ ಆಶ್ಚರ್ಯಪಡಬೇಡ. ಬೆಚ್ಚಗಿನ ಜಾಗ ಅಂತ ಕಿಂಡಿಯಿಂದ ಒಳಗೆ ಹೋದ ಹಲ್ಲಿ 325 ವೋಲ್ಟಿನ ಜಾಗದಲ್ಲಿ ಅಡ್ಡ ಬಿದ್ದರೆ ಫ್ಯೂಸ್ ಹೋಗುತ್ತದೆ. ಗಾಜಿನ ಫ್ಯೂಸ್ ಒಳಗೆ ಕಪ್ಪಾಗಿ ಕನ್ನಡಿಯಂತಾಗಿದ್ದರೆ ಹೊಸ ಫ್ಯೂಸ್ ಹಾಕಿ ಪ್ರಯೋಜನವಿಲ್ಲ, ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರೋ ಕರೆಂಟನ್ನು ಕಡಿದು ಕೊಡುವ ಸ್ವಿಚಿಂಗ್ ಟ್ರಾನ್ಸಿಸ್ಟರೋ ಶಾರ್ಟ್ ಆಗಿದೆ. ಸಿಡಿಲಿನ ಏಟಿಗೂ ಇದೇ ಗುರುತು. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದ ಕೂಡಲೇ ಕರೆಂಟಿನ ಜೊತೆ ಇಂಟರ್‌ನೆಟ್ಟಿನ ವಯರನ್ನೂ ಕೀಳು, ಬರುವ ದಾರಿ ಅದೂ ಒಂದು. ಮಳೆಗಾಲದಲ್ಲಿ ಒದ್ದೆ ಅನ್ನಿಸಿದರೆ ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸುವ ಯೋಚನೆ ಬೇಡ, ಹೊಗೆಯೂ ಕಾವೂ ಪರದೆಯ ಮೇಲಿನ ಹಾಳೆಯನ್ನು ಹಾಳುಮಾಡುತ್ತವೆ. ಪ್ಲಾಸ್ಟಿಕ್ ಚೀಲ ಮುಚ್ಚಿಡುವುದಕ್ಕಿಂತ ದಿನಾ ಒಂದು ಗಂಟೆ ಹಚ್ಚಿಡುವುದು ಮೇಲು.

ನನ್ನ ಅನುಮಾನ ಸುಳ್ಳಾಗಿ ಪ್ಯಾನೆಲ್ಲೇ ಹೋಗಿದೆ ಅಂತಾದರೆ ತೋಟದ ಮೂಲೆಗೆ ಎಸೆಯಬೇಡ. ಸಿಸಿಎಫ್ಎಲ್ ಟ್ಯೂಬಿನಲ್ಲಿ ಪಾದರಸ ಇರುತ್ತದೆ. ಶಿವಮೊಗ್ಗಕ್ಕೆ ತಾ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡೋಣ.

ಮೊದಲು ಹೇರ್ ಡ್ರೈಯರ್ ಪರೀಕ್ಷೆ ಮಾಡಿ ಏನಾಯಿತು ಅಂತ ತಿಳಿಸು. ಬಿಚ್ಚಿದರೆ ಪ್ರತಿ ಕೆಪಾಸಿಟರಿನ ಮೇಲೆ ಬರೆದದ್ದು ಓದಲು ಬರುವಂತೆ ಫೋಟೋ ತೆಗೆದು, ಎತ್ತರ ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದು ಕಳಿಸು. ಇಲ್ಲಿ ಸಿಕ್ಕಿದರೆ ಬಸ್ಸಿಗೆ ಹಾಕುತ್ತೇನೆ, ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕು, ಎರಡು ಮೂರು ದಿನ ಜಾಸ್ತಿ ಹಿಡಿಯುತ್ತದೆ.

ಇಂತಿ,
ಅಮ್ಮ