ಗೆಳೆಯನಿಗೊಂದು ಪತ್ರ: ಹಳೆಯ ಮೈದಾನ ನೋಡಲು ಹೊರಟವನಿಗೆ

ಮಂಗಳೂರು

ಪ್ರೀತಿಯ ಗೆಳೆಯನಿಗೆ,

ಇಂಗ್ಲೆಂಡಿನಲ್ಲಿ ಬಿಡುವಾಗುವ ಶನಿವಾರಗಳಂದು ಯಾವ ಫುಟ್‌ಬಾಲ್ ಮೈದಾನಗಳನ್ನು ನೋಡಬೇಕೆಂದು ಕೇಳಿ ಬರೆದಿದ್ದೆಯಲ್ಲ, ಅದಕ್ಕೆ ಉತ್ತರವಿದು. ವೆಂಬ್ಲಿ, ಓಲ್ಡ್ ಟ್ರಾಫರ್ಡ್ ಎಂದು ನಾನು ಹೇಳುವುದಿಲ್ಲವೆಂಬುದು ನಿನಗೂ ಗೊತ್ತು. ಸ್ಟೇಟ್ ಬ್ಯಾಂಕ್ ಬಳಿಯ ನೆಹರೂ ಮೈದಾನದಲ್ಲಿ, ಒಂದು ಕಿವಿಗೆ ರೆಫರಿಯ ಸೀಟಿ, ಇನ್ನೊಂದು ಕಿವಿಗೆ ಉಳ್ಳಾಲ, ತಲಪಾಡಿ ಎಂದು ಕೂಗುವ ಕಂಡಕ್ಟರುಗಳ ದನಿ ಬೀಳುತ್ತಿರುವಾಗ ಆಟ ನೋಡಲು ಕಲಿತವರು ನಾವು. ಆಷಾಢದ ಮಳೆಯಲ್ಲಿ ಟಾಸ್ ಗೆದ್ದ ನಾಯಕ ಗಾಳಿಯ ದಿಕ್ಕನ್ನು ನೋಡುತ್ತಿರಲಿಲ್ಲ. ಯಾವ ಗೋಲಿನ ಮುಂದೆ ನೀರು ಹೆಚ್ಚು ನಿಂತಿದೆಯೆಂದು ನೋಡುತ್ತಿದ್ದ. ವೇಗವಾಗಿ ಉರುಳಿ ಬಂದ ಚೆಂಡು ಆ ನೀರಿನಲ್ಲಿ ಗಕ್ಕನೆ ನಿಂತುಬಿಡುತ್ತಿತ್ತು, ಅದರ ಬೆನ್ನು ಹತ್ತಿದ ಡಿಫೆಂಡರ್ ಮಾತ್ರ ನಿಲ್ಲಲಾಗದೆ ಗೋಲ್ ಕಂಬದವರೆಗೂ ಜಾರಿಹೋಗುತ್ತಿದ್ದ. ಹಳ್ಳಿಯಲ್ಲಾದರೆ ಕೊಯ್ಲು ಮುಗಿದ ಗದ್ದೆಯ ಕಟ್ಟಪುಣಿಯೇ ಗೆರೆ, ಕೂಳೆಗೆ ತಾಗಿದ ಚೆಂಡು ಎತ್ತ ಹಾರೀತೆಂದು ಹೇಳುವವರಿರಲಿಲ್ಲ.

ಇಂಗ್ಲೆಂಡಿನ ಹಳೆಯ ಮೈದಾನಗಳ ಮೇಲೆ ನನಗಿರುವ ಮೋಹವೂ ಇದೇ ಬಗೆಯದು. ಅವುಗಳ ವಿಚಿತ್ರಗಳನ್ನು ಯಾರೂ ಯೋಚಿಸಿ ಕಟ್ಟಿದ್ದಲ್ಲ. ಕಾರ್ಮಿಕರ ಸಾಲುಮನೆಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಮೈದಾನ ಮಾಡಿಕೊಂಡರು, ಅಡ್ಡ ಬಂದದ್ದಕ್ಕೆ ಮೈದಾನವೇ ಬಾಗಿಕೊಂಡಿತು.

ಮೊದಲು ಲ್ಯೂಟನ್ನಿಗೆ ಹೋಗು. ಅಲ್ಲಿನ ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ 1905ರಿಂದ ಆಟ ನಡೆಯುತ್ತಿದೆ. ಎದುರಾಳಿ ತಂಡದ ಬೆಂಬಲಿಗರು ಓಕ್ ರೋಡ್ ಎಂಬ ಬೀದಿಯಲ್ಲಿ, ಮನೆಗಳ ಸಾಲಿನ ನಡುವೆಯೇ ತೆರೆದಿರುವ ಬಾಗಿಲಿನಿಂದ ಒಳಗೆ ಹೋಗಿ, ಕಬ್ಬಿಣದ ಮೆಟ್ಟಿಲು ಹತ್ತುತ್ತಾರೆ. ಆ ಮೆಟ್ಟಿಲಿನಿಂದ ಕೆಳಗೆ ನೋಡಿದರೆ ಅಕ್ಕಪಕ್ಕದ ಮನೆಗಳ ಹಿತ್ತಿಲು ಕಾಣುತ್ತದೆ. 2023ರಲ್ಲಿ ಲ್ಯೂಟನ್ ತಂಡವು ಪ್ರೀಮಿಯರ್ ಲೀಗಿಗೆ ಏರಿದಾಗ, ಕೋಟಿಗಟ್ಟಲೆ ಬೆಲೆಬಾಳುವ ಆಟಗಾರರಿದ್ದ ತಂಡಗಳನ್ನು ಹಿಂಬಾಲಿಸಿದವರೂ ಈ ಹಿತ್ತಿಲುಗಳ ಮೇಲಿನಿಂದಲೇ ನಡೆದು ಹೋಗಬೇಕಾಯಿತೆಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಬೇರೆ ಕಡೆ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆ ಅವರದ್ದಿರುವುದರಿಂದ ತಡಮಾಡಬೇಡ.

ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್ ಪುರುಷರ ತಂಡದ ಆಟವನ್ನು ನೋಡುವ ಅವಕಾಶ ಈಗ ತಪ್ಪಿಹೋಗಿದೆ. 1892ರಿಂದ ಅಲ್ಲಿ ಆಡುತ್ತಿದ್ದ ಅವರು 2025ರ ಮೇ ತಿಂಗಳಲ್ಲಿ ಕೊನೆಯ ಪಂದ್ಯವಾಡಿ ನದಿಯಂಚಿನ ಹೊಸ ಕ್ರೀಡಾಂಗಣಕ್ಕೆ ಹೋದರು. ಮಹಿಳಾ ತಂಡಕ್ಕೆ ಹಳೆಯದನ್ನು ಬಿಟ್ಟುಕೊಟ್ಟದ್ದು ನನ್ನ ಮಟ್ಟಿಗೆ ಆ ಕ್ಲಬ್ಬಿನವರು ಮಾಡಿದ ಅತ್ಯಂತ ಜಾಣ ಕೆಲಸ. ಆ ಮೈದಾನದ ಒಂದು ಮೂಲೆಗೆ ಸೇಂಟ್ ಲ್ಯೂಕ್ಸ್ ಚರ್ಚು ಎಷ್ಟು ಒತ್ತಿಕೊಂಡಿದೆಯೆಂದರೆ, ಪ್ರೇಕ್ಷಕರು ಕೂರುವ ಎರಡು ಸ್ಟ್ಯಾಂಡುಗಳು ಅಲ್ಲಿ ಕೂಡಿಕೊಳ್ಳುವುದಕ್ಕೆ ಸಾಧ್ಯವೇ ಆಗಲಿಲ್ಲ.

ಕಣ್ಣಾರೆ ನೋಡಲಾಗಲಿಲ್ಲವೆಂದು ನಾನು ಹೆಚ್ಚು ಕೊರಗುವುದು ಮಾತ್ರ ಶ್ರೂಸ್‌ಬರಿಯ ಗೇ ಮೆಡೊಗಾಗಿ. ಸೆವರ್ನ್ ನದಿಯ ದಡದಲ್ಲಿದ್ದ ಆ ಮೈದಾನದಿಂದ ಚೆಂಡು ಸ್ಟ್ಯಾಂಡು ದಾಟಿ ಹಾರಿದರೆ ನೇರ ನೀರಿಗೆ. ಹಂಪಿಯಲ್ಲಿ ನಾವು ಕುಳಿತಂಥದೇ ಹರಿಗೋಲನ್ನು ತಾನೇ ಹೆಣೆಯುತ್ತಿದ್ದ ಫ್ರೆಡ್ ಡೇವಿಸ್ ಎಂಬಾತ ಪಂದ್ಯದ ದಿನ ಆ ಹರಿಗೋಲಿನೊಂದಿಗೆ ಸಿದ್ಧನಾಗಿರುತ್ತಿದ್ದ. ಪ್ರವಾಹದ ಸೆಳೆತವಿದ್ದಾಗಲೂ ಹುಟ್ಟುಹಾಕುತ್ತಾ ಹೋಗಿ ಚೆಂಡನ್ನು ತರುತ್ತಿದ್ದ. 2007ರಲ್ಲಿ ತಂಡವು ಊರಂಚಿನ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ನದಿಯೂ ಇಲ್ಲ, ಹರಿಗೋಲಿಗೆ ಕೆಲಸವೂ ಇಲ್ಲ.

ಮಿಡಲ್ಸ್‌ಬರೋದ ಏರ್ಸಮ್ ಪಾರ್ಕ್ ಕೂಡ ಈಗಿಲ್ಲ, ಆದರೂ ಹೋಗು. 1966ರ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾವು ಇಟಲಿಯನ್ನು 1-0ರಿಂದ ಸೋಲಿಸಿದ್ದು ಅಲ್ಲಿಯೇ. ಮೈದಾನವಿದ್ದಲ್ಲಿ ಇಂದು ಮನೆಗಳೆದ್ದಿವೆ. ಕೊರಿಯಾದ ಆಟಗಾರ ಪಾಕ್ ದೂ ಇಕ್ ಆ ಗೋಲು ಹೊಡೆದ ಜಾಗವು ಒಂದು ಮನೆಯ ಮುಂದಿನ ಹುಲ್ಲಿನೊಳಗೆ ಸೇರಿಹೋಗಿದ್ದು, ಅಲ್ಲೊಂದು ಪುಟ್ಟ ಕಂಚಿನ ಗುರುತನ್ನು ಇಟ್ಟಿದ್ದಾರೆ.

ಇಷ್ಟೆಲ್ಲ ಹೊಗಳುವಾಗ ಇನ್ನೊಂದು ಮುಖವನ್ನು ಮರೆಮಾಚಬಾರದು. 1985ರಲ್ಲಿ ಬ್ರ್ಯಾಡ್‌ಫರ್ಡ್‌ನ ಹಳೆಯ ಮರದ ಸ್ಟ್ಯಾಂಡಿನ ಅಡಿಯಲ್ಲಿ ರಾಶಿಬಿದ್ದಿದ್ದ ಕಸಕ್ಕೆ ಕಿಡಿ ತಾಗಿ, ಕೆಲವೇ ನಿಮಿಷಗಳಲ್ಲಿ ಸ್ಟ್ಯಾಂಡು ಉರಿದು 56 ಜನ ತೀರಿಕೊಂಡರು. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ಕಿಕ್ಕಿರಿದ ಬೇಲಿಯ ಹಿಂದೆ ಸಿಲುಕಿದವರಲ್ಲಿ ಸತ್ತವರು 97 ಮಂದಿ. ಆ ದುರಂತದ ತನಿಖೆಯ ಬಳಿಕ ಬಂದ 1990ರ ಟೇಲರ್ ವರದಿಯಿಂದಾಗಿ ದೊಡ್ಡ ಕ್ಲಬ್ಬುಗಳು ಎಲ್ಲ ಪ್ರೇಕ್ಷಕರಿಗೂ ಕುರ್ಚಿ ಒದಗಿಸಲೇಬೇಕಾಯಿತು. ಅದಕ್ಕೆ ಜಾಗ ಸಾಲದ ಅನೇಕ ಕ್ಲಬ್ಬುಗಳು ಹಳೆಯ ಬೀದಿಗಳನ್ನು ಬಿಟ್ಟು ಊರಾಚೆಗೆ ಹೊರಟವು. ಅಡಿಕೆ ಮರದ ಕಂಬ ಕಟ್ಟಿ ಎಬ್ಬಿಸಿದ ಗ್ಯಾಲರಿಗಳ ಮೇಲೆ ಕುಣಿದವರಾದ ನಾವು ಆ ಕ್ರಮವನ್ನು ದೂರುವಂತಿಲ್ಲ. ಸುರಕ್ಷಿತವಾಗಿ ಕಟ್ಟಿದ್ದು ಸರಿ. ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದೇಕೆ ಎಂಬುದಷ್ಟೇ ನನ್ನ ತಕರಾರು ಮಾರಾಯ.

ಹಾಗಲ್ಲದೆಯೂ ಮಾಡಬಹುದೆಂಬುದಕ್ಕೆ ಲಂಡನ್ನಿನಲ್ಲಿ ಫುಲ್‌ಹ್ಯಾಮ್ ತಂಡದ ಕ್ರೇವನ್ ಕಾಟೇಜ್ ಇದೆ. ಥೇಮ್ಸ್ ನದಿಯ ಬದಿಯ ಸ್ಟ್ಯಾಂಡನ್ನು ಈಚೆಗೆ ಹೊಸದಾಗಿ ಕಟ್ಟಿದ್ದಾರಾದರೂ, ಎದುರಿನ ಜಾನಿ ಹೇನ್ಸ್ ಸ್ಟ್ಯಾಂಡನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ವಾಸ್ತುಶಿಲ್ಪಿ ಆರ್ಚಿಬಾಲ್ಡ್ ಲೀಚ್ 1905ರಲ್ಲಿ ಕಟ್ಟಿದ ಆ ಸ್ಟ್ಯಾಂಡಿನಲ್ಲಿ ಮರದ ಆಸನಗಳು ಇಂದಿಗೂ ಇವೆ, ಮೈದಾನದ ಮೂಲೆಯಲ್ಲಿ ಬಾಲ್ಕನಿಯುಳ್ಳ ಇಟ್ಟಿಗೆಯ ಮನೆಯಿದೆ. ಟಿಕೆಟು ತೆಗೆಸುವಾಗ ಕಂಬ ಅಡ್ಡ ಬರುವ ಸೀಟನ್ನೇ ಕೇಳು, ಅಗ್ಗಕ್ಕೂ ಸಿಕ್ಕೀತು. ಗೋಲಾಗುವ ಹೊತ್ತಿಗೆ ಕತ್ತನ್ನು ಯಾವ ಕಡೆಗೆ ಚಾಚಿದೆಯೆಂದು ತಪ್ಪದೆ ಬರೆ.

ನಿನ್ನ ಗೆಳೆಯ