ಮಗಳಿಗೊಂದು ಪತ್ರ: ಆ ಖಾಲಿ ಆಂಪ್ಯೂಲ್

ಪ್ರೀತಿಯ ಪುಟ್ಟಿ,

ಸೋಮವಾರದಿಂದ ನಿನಗೆ ನೈಟ್ ಡ್ಯೂಟಿ ಅಂದೆಯಲ್ಲ, ಅವತ್ತಿನಿಂದ ಒಂದು ವಿಷಯ ಹೇಳಬೇಕು ಅನ್ನಿಸುತ್ತಿದೆ. ಫೋನಿನಲ್ಲಿ ಬಾಯಿ ಬರಲಿಲ್ಲ.

ನಾನು ನರ್ಸ್ ಕೆಲಸಕ್ಕೆ ಸೇರಿ ಎರಡನೇ ವರ್ಷ. ಬೆಳಗಿನ ಜಾವ ನಾಲ್ಕು ಗಂಟೆ. ವಾಂತಿ ಆಗಿ ಸುಸ್ತಾಗಿದ್ದ ಒಬ್ಬ ಹೆಂಗಸಿಗೆ ಆ್ಯಂಟಿಬಯೋಟಿಕ್ ಪುಡಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಕೊಡಬೇಕಿತ್ತು. ಟ್ರೇಗೆ ಕೈ ಹಾಕಿದೆ, ಆಂಪ್ಯೂಲ್, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆ, ಮುರಿದೆ, ಸಿರಿಂಜಿಗೆ ಎಳೆದೆ. ಅಷ್ಟರಲ್ಲಿ ಸೀನಿಯರ್ ಸಿಸ್ಟರ್ ಖಾಲಿ ಆಂಪ್ಯೂಲ್ ಎತ್ತಿ ಓದಿದರು. ಪೊಟ್ಯಾಸಿಯಂ ಕ್ಲೋರೈಡ್! ಸಂಜೆ ಅದೇ ಹೆಂಗಸಿನ ಡ್ರಿಪ್ಪಿಗೆ ಹಾಕಲು ತಂದು ಉಳಿದಿದ್ದು. ಎರಡೂ 10 ಎಂಎಲ್, ಎರಡೂ ನೀರಿನಷ್ಟೇ ತಿಳಿ.

ಅವರು ಬೈಯಲಿಲ್ಲ. ಸಿರಿಂಜ್ ತೆಗೆದುಕೊಂಡು, ನನಗೆ ಕೂರಲು ಸ್ಟೂಲ್ ಎಳೆದುಕೊಟ್ಟರು.

ಆ ಒಂದು ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಮಾನ, ಎಂಎಲ್ ಅಲ್ಲ) ಪೊಟ್ಯಾಸಿಯಂ ಇರುತ್ತದೆ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಸಲೈನಿಗೆ ಬೆರೆಸಿ, ಚೆನ್ನಾಗಿ ಅಲುಗಾಡಿಸಿ, ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರದ ಹಾಗೆ ಬಿಟ್ಟರೆ ಅದೇ ಔಷಧಿ ಜೀವ ಉಳಿಸುತ್ತದೆ. ತೂಗುಹಾಕಿದ ಬಾಟಲಿಗೆ ಮಾತ್ರ ಸೇರಿಸಬೇಡ. ಬೆರೆಯದೆ ಕೆಳಗೇ ನಿಂತು, ಒಟ್ಟಿಗೇ ಒಳಗೆ ಹೋಗಿಬಿಡುತ್ತದೆ.

ಅವತ್ತಿನಿಂದ ಲೇಬಲ್ ಮೂರು ಸಲ ಓದುತ್ತೇನೆ. ಎತ್ತಿಕೊಳ್ಳುವಾಗ, ಎಳೆಯುವಾಗ, ಕೊಡುವ ಮುಂಚೆ. ಕೊಟ್ಟು ಮುಗಿಯುವವರೆಗೆ ಖಾಲಿ ಆಂಪ್ಯೂಲ್ ಟ್ರೇಯಲ್ಲೇ ಇರಲಿ. ಔಷಧಿಯ ಹೆಸರು ಬರೆಯದ ಸಿರಿಂಜ್ ಸಿಕ್ಕರೆ ಎಸೆದುಬಿಡು. ಬೇರೆಯವರು ತುಂಬಿಕೊಟ್ಟಿದ್ದನ್ನು ಎಷ್ಟೇ ಅವಸರವಿದ್ದರೂ ಕೊಡಬೇಡ. 'ಲಕ್ಷ್ಮಮ್ಮನವರಾ?' ಅಂತ ಕೇಳಬೇಡ, ನಿದ್ದೆಗಣ್ಣಿನಲ್ಲಿ ಯಾರಾದರೂ ಹೂಂ ಅಂತಾರೆ. 'ನಿಮ್ಮ ಹೆಸರು ಹೇಳಿ' ಅನ್ನು, ಕೈಪಟ್ಟಿಯನ್ನೂ ನೋಡು.

ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಗ್ಲೂಕೋಸಿನಲ್ಲಿ ಹಾಕಿದರೆ ಹರಳುಗಟ್ಟುತ್ತದೆ, ನಾರ್ಮಲ್ ಸಲೈನೇ ಆಗಬೇಕು. ಆ್ಯಂಟಿಬಯೋಟಿಕ್ ವ್ಯಾಂಕೋಮೈಸಿನ್‌ಗೆ ಡ್ರಿಪ್ಪಿನಲ್ಲಿ ಹೋಗಲು ಕಡಿಮೆಯೆಂದರೂ ಒಂದು ಗಂಟೆ ಬೇಕು. ಇವೆಲ್ಲ ನೀನು ಓದಿರುತ್ತೀಯ. ಆದರೆ ರೋಗಿ 'ಕೈ ಉರಿಯುತ್ತಿದೆ ಸಿಸ್ಟರ್' ಅಂದ ತಕ್ಷಣ ನಿಲ್ಲಿಸಿ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಚುಚ್ಚಿರುವ ನಳಿಕೆ, ನೋಡು. 'ಸ್ವಲ್ಪ ತಡ್ಕೊಳ್ಳಿ' ಅನ್ನಬೇಡ ಪುಟ್ಟಿ.

ಆ ಹೆಂಗಸು ಮೂರನೇ ದಿನ ಮನೆಗೆ ಹೋದರು. ಹೋಗುವಾಗ ನನ್ನ ಕೈ ಹಿಡಿದು 'ಚೆನ್ನಾಗಿ ನೋಡ್ಕೊಂಡ್ರಿ' ಅಂದರು. ನನಗೆ ಮಾತೇ ಹೊರಡಲಿಲ್ಲ. ಇದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ, ನಿನಗೇ ಮೊದಲು.

ನಿನ್ನ,
ಅಮ್ಮ